ಇವತ್ತು ಬಂದ್ರೆ ಬೇಗ, ನಾಳೆ ಬಂದ್ರೆ ತಡ

2025ರ ಅಕ್ಟೋಬರ್ ಮೊದಲ ವಾರ. ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದೆ. ನಮ್ಮ ಟೀಮಿನ ಹುಡುಗ ಫೋನನ್ನು ನನ್ನ ಮೂಗಿನ ಹತ್ತಿರ ತಂದ. "ಸರ್, ಇದ್ರಲ್ಲಿ ಏನು ಮಿಸ್ಸಿಂಗ್ ಹೇಳಿ ನೋಡೋಣ?" ಜೇಮ್ಸ್ ಬಾಂಡ್ ಸಿನಿಮಾಗಳ ಪುಟ್ಟ ಪುಟ್ಟ ಪೋಸ್ಟರ್‌ಗಳ ಸ್ಕ್ರೀನ್‌ಶಾಟ್ ಅದು. ಬಾಂಡ್ ಇದ್ದಾನೆ. ಸೂಟ್ ಇದೆ. ಓರೆ ನೋಟವೂ ಇದೆ. ಆದರೆ ಕೈಯಲ್ಲಿ ಪಿಸ್ತೂಲೇ ಇಲ್ಲ.

ನಡೆದದ್ದು ಇಷ್ಟೇ. ಅಕ್ಟೋಬರ್ 5 ಅಭಿಮಾನಿಗಳ ಪಾಲಿಗೆ ಬಾಂಡ್ ದಿನ. 1962ರಲ್ಲಿ ಸರಣಿಯ ಮೊದಲ ಸಿನಿಮಾ 'ಡಾಕ್ಟರ್ ನೋ' ಲಂಡನ್‌ನಲ್ಲಿ ಮೊದಲ ಪ್ರದರ್ಶನ ಕಂಡದ್ದು ಅವತ್ತು. ಆ ದಿನದ ಹೊತ್ತಿಗೆ ಅಮೆಜಾನ್‌ನ ಪ್ರೈಮ್ ವಿಡಿಯೊದಲ್ಲಿ ಹಳೆಯ ಸಿನಿಮಾಗಳಿಗೆ ಹೊಸ ಪೋಸ್ಟರ್ ಬಂತು. ಕೆಲವದರಲ್ಲಿ ಪಿಸ್ತೂಲನ್ನು ಅಳಿಸಿದ್ದರು. ಇನ್ನು ಕೆಲವದರಲ್ಲಿ ಚಿತ್ರವನ್ನೇ ಪಿಸ್ತೂಲು ಕಾಣದ ಹಾಗೆ ಕತ್ತರಿಸಿದ್ದರು. ಅಭಿಮಾನಿಗಳು ಬೊಬ್ಬೆ ಹೊಡೆದರು. ಕೆಲವೇ ದಿನಗಳಲ್ಲಿ ಆ ಪೋಸ್ಟರ್‌ಗಳು ಹೋಗಿ ಸಿನಿಮಾದ ಸಾದಾ ಸ್ಟಿಲ್‌ಗಳು ಬಂದವು.

ಪಿಸ್ತೂಲಿನ ವಿಷಯ ಬಿಡಿ. ನನಗೆ ಆಶ್ಚರ್ಯ ಆಗಿದ್ದು ಆ ಹುಡುಗನ ಸಿಟ್ಟು ನೋಡಿ. ಅವನಿಗೆ ಇಪ್ಪತ್ತನಾಲ್ಕು. ಥಿಯೇಟರಿನಲ್ಲಿ ನೋಡಿರುವ ಬಾಂಡ್ ಸಿನಿಮಾ ಒಂದೇ ಒಂದು, 2021ರ 'ನೋ ಟೈಮ್ ಟು ಡೈ'. ಅದರಲ್ಲಿ ಬಾಂಡ್ ಸತ್ತೇ ಹೋಗುತ್ತಾನೆ. ಆಮೇಲೆ ನಾಲ್ಕು ವರ್ಷ ಸಿನಿಮಾ ಇಲ್ಲ, ಮುಂದಿನ ಬಾಂಡ್ ಯಾರು ಅನ್ನುವುದೂ ಆಗ ಗೊತ್ತಿರಲಿಲ್ಲ. ಆದರೂ ಬೆಂಗಳೂರಿನ ಹುಡುಗನೊಬ್ಬ ಕಾಫಿ ಆರಿಸಿಕೊಂಡು ಯಾವುದೋ ಪೋಸ್ಟರ್ ಬಗ್ಗೆ ಜಗಳಕ್ಕೆ ನಿಂತಿದ್ದ. ಅರವತ್ತು ವರ್ಷ ದಾಟಿದ ಸರಣಿಯೊಂದು ಇವನನ್ನು ಹಿಡಿದದ್ದು ಹೇಗೆ?

ಸುಲಭದ ಉತ್ತರ ಒಂದಿದೆ: ಒಳ್ಳೆ ಸಿನಿಮಾ ಬಂದರೆ ಜನ ನೋಡುತ್ತಾರೆ, ಅಷ್ಟೇ. ಅದು ಸಾಲದು ಅನ್ನಿಸುತ್ತದೆ ನನಗೆ. ಒಳ್ಳೆ ಸಿನಿಮಾ ಒಂದು ವಾರ ಥಿಯೇಟರ್ ತುಂಬಿಸುತ್ತದೆ. ಸರಣಿಯ ಹುಚ್ಚು ಮತ್ತೆ ಹತ್ತಬೇಕಾದರೆ ಹೊಸ ಸಿನಿಮಾ ಇನ್ನೊಂದು ಕೆಲಸವನ್ನೂ ಮಾಡಬೇಕು. ಹಳೆಯ ಸಿನಿಮಾಗಳ ಬಗ್ಗೆ ಜಗಳ ಹಚ್ಚಬೇಕು.

ನಮ್ಮ ಮನೆಯಲ್ಲೇ ಈ ಜಗಳ ಇದೆ. ರಾಜಾಜಿನಗರದ ನನ್ನ ಸೋದರಮಾವನಿಗೆ ಶಾನ್ ಕಾನರಿ ಬಿಟ್ಟರೆ ಉಳಿದವರೆಲ್ಲ ಸುಮ್ನೆ ಸೂಟ್ ಹಾಕಿಕೊಂಡವರು. ನನ್ನ ಬಾಂಡ್ ಪಿಯರ್ಸ್ ಬ್ರಾಸ್ನನ್. 1995ರ 'ಗೋಲ್ಡನ್ ಐ' ಬಂದಾಗ ನಾನು ಪಿಯುಸಿ. ಆಫೀಸಿನ ಹುಡುಗನಿಗೆ ಡೇನಿಯಲ್ ಕ್ರೇಗ್. ಮೂವರೂ ನೋಡುವುದು ಒಂದೇ ಪಾತ್ರವನ್ನು. ಆದರೆ ಒಬ್ಬರ ಬಾಂಡ್ ಇನ್ನೊಬ್ಬರಿಗೆ ಆಗಿಬರಲ್ಲ. ಊರ ಜಾತ್ರೆಯಲ್ಲಿ ದೇವರು ಒಂದೇ, ತೇರು ಎಳೆಯುವ ತಲೆಮಾರು ಬೇರೆ ಬೇರೆ. ಹಾಗೆ ಇದು.

1995ಕ್ಕೆ ಮುಂಚೆ ಸರಣಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1989ರಲ್ಲಿ ಟಿಮೊಥಿ ಡಾಲ್ಟನ್‌ರ ಎರಡನೇ ಸಿನಿಮಾ ಬಂತು. ಆಮೇಲೆ ಕೋರ್ಟು, ಹಕ್ಕು, ಮಾಲೀಕತ್ವ ಅಂತ ಆರು ವರ್ಷ ಹೋಯಿತು. ಈ ನಡುವೆ ಬರ್ಲಿನ್ ಗೋಡೆ ಬಿತ್ತು, ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಶೀತಲ ಸಮರವೇ ಮುಗಿದ ಮೇಲೆ ಬಾಂಡ್‌ಗೆ ಏನು ಕೆಲಸ? 'ಗೋಲ್ಡನ್ ಐ' ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಬಾಂಡ್‌ನ ಮೇಲಧಿಕಾರಿ 'ಎಂ' ಪಾತ್ರಕ್ಕೆ ಮೊದಲ ಬಾರಿ ಒಬ್ಬ ಮಹಿಳೆಯನ್ನು ತಂದು ಕೂರಿಸಿತು. ಆ ಜೂಡಿ ಡೆಂಚ್ ಬಾಯಲ್ಲೇ 'ನೀನು ಹಳೇ ಕಾಲದ ಡೈನೋಸಾರ್' ಅನ್ನುವ ಅರ್ಥದ ಮಾತು ಹೇಳಿಸಿತು. ನೋಡುವವರ ಮನಸ್ಸಿನಲ್ಲಿದ್ದ ದೂರನ್ನು ಸಿನಿಮಾನೇ ಮೊದಲು ಹೇಳಿಬಿಟ್ಟಿತು. ಆಮೇಲೆ ಅದೇ ಡೈನೋಸಾರ್ ಸೇಂಟ್ ಪೀಟರ್ಸ್‌ಬರ್ಗ್‌ನ ಬೀದಿಯಲ್ಲಿ ಟ್ಯಾಂಕ್ ಓಡಿಸಿದಾಗ ಬಿದ್ದ ಶಿಳ್ಳೆ ಇದೆಯಲ್ಲ, ಎಂ.ಜಿ. ರಸ್ತೆಯ ಥಿಯೇಟರಿನಲ್ಲಿ ನಾನು ಅಂಥದ್ದನ್ನು ಇಂಗ್ಲಿಷ್ ಸಿನಿಮಾಗೆ ಅದುವರೆಗೆ ಕೇಳಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಈ ಹುಚ್ಚಿಗೆ ಒಂದು ವಿಳಾಸ ಇತ್ತು. ಪ್ಲಾಜಾ, ಗ್ಯಾಲಕ್ಸಿ, ರೆಕ್ಸ್, ಬ್ಲೂ ಮೂನ್, ಬ್ಲೂ ಡೈಮಂಡ್, ಲಿಡೊ. ಕಂಟೋನ್ಮೆಂಟ್ ಕಡೆಗೆ ಹೋದರೆ ಇಂಗ್ಲಿಷ್ ಸಿನಿಮಾ, ಮೆಜೆಸ್ಟಿಕ್ ಕಡೆಗೆ ಹೋದರೆ ಕನ್ನಡ ಸಿನಿಮಾ, ಹೀಗೆ ಊರೇ ಎರಡು ಪಾಲಾಗಿತ್ತು. ಪ್ಲಾಜಾ ಇದ್ದಲ್ಲಿ ಈಗ ಮೆಟ್ರೊ ನಿಲ್ದಾಣ. ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು. ಬ್ರಿಗೇಡ್ ರಸ್ತೆಯಲ್ಲಿ ನಡೆಯುವಾಗ ನನಗೆ ಈಗಲೂ ಕಣ್ಣು ಆ ಕಡೆಗೇ ಹೋಗುತ್ತದೆ.

ಸರಣಿ ಹೇಗೆ ಮತ್ತೆ ಜೀವ ಪಡೆಯುತ್ತದೆ ಅನ್ನುವುದಕ್ಕೆ ಒಂದೇ ಒಂದು ಸಿನಿಮಾ ಆರಿಸು ಅಂದರೆ ನಾನು ಆರಿಸುವುದು 2006ರ 'ಕ್ಯಾಸಿನೊ ರೊಯಾಲ್'. ಅದಕ್ಕೆ ಮುಂಚಿನ 2002ರ 'ಡೈ ಅನದರ್ ಡೇ' ಸಿನಿಮಾದಲ್ಲಿ ಕಣ್ಣಿಗೆ ಕಾಣದ ಕಾರು ಇತ್ತು. ಕಾಣದ ಕಾರು! ದುಡ್ಡೇನೋ ಚೆನ್ನಾಗಿ ಬಂತು. ಆದರೆ ಬ್ರಾಸ್ನನ್ ಅಭಿಮಾನಿಯಾದ ನಾನೂ ತಲೆ ತಗ್ಗಿಸಿಕೊಂಡು ಹೊರಗೆ ಬಂದಿದ್ದೆ. ಇನ್ನೂ ದೊಡ್ಡ ಸ್ಫೋಟ, ಇನ್ನೂ ವಿಚಿತ್ರ ಯಂತ್ರ ಅಂತ ಹತ್ತುತ್ತಾ ಹೋದರೆ ಒಂದು ದಿನ ಮೆಟ್ಟಿಲೇ ಮುಗಿದುಹೋಗುತ್ತದೆ. ಸರಣಿಗೆ ಇದು ಹೊಸದಲ್ಲ. 1979ರಲ್ಲಿ ರೋಜರ್ ಮೂರ್‌ರನ್ನು ಅಂತರಿಕ್ಷಕ್ಕೇ ಕಳಿಸಿದ್ದರು. ಅಲ್ಲಿಂದ ಮುಂದೆ ಹೋಗಲು ಜಾಗ ಇರಲಿಲ್ಲ. 1981ರ ಸಿನಿಮಾದಲ್ಲಿ ನೆಲಕ್ಕೆ ಇಳಿಸಿ ಬೆಟ್ಟ ಹತ್ತಿಸಿದರು.

2006ರಲ್ಲೂ ಇಳಿಸಿದರು, ಇನ್ನೂ ಕೆಳಕ್ಕೆ. ಯಾನ್ ಫ್ಲೆಮಿಂಗ್ 1953ರಲ್ಲಿ ಬರೆದ ಮೊದಲ ಕಾದಂಬರಿಗೇ ಹೋದರು. ಬಾಂಡ್ ಇನ್ನೂ ಬಾಂಡ್ ಆಗಿಲ್ಲದ ಕಾಲ. ಕ್ರೇಗ್ ಹೆಸರು ಹೊರಬಿದ್ದಾಗ ಆಗಿದ್ದ ಗಲಾಟೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೂದಲು ಕಪ್ಪಗಿಲ್ಲ, ಎತ್ತರ ಸಾಲದು ಅಂತ ಬಯ್ದರು. ಸಿನಿಮಾ ನೋಡಬೇಡಿ ಅಂತ ವೆಬ್‌ಸೈಟನ್ನೇ ಮಾಡಿದ್ದರು. ನನಗೂ ಆಗ ಮನಸ್ಸಿರಲಿಲ್ಲ. ಬಾಂಡ್ ಅಂದರೆ ಬ್ರಾಸ್ನನ್ ಅಲ್ವಾ?

ಬ್ರಿಗೇಡ್ ರಸ್ತೆಯಲ್ಲೇ ನೋಡಿದ್ದು. ಒಂದು ಕಡೆ ಬಾರಿನವನು ಮಾರ್ಟಿನಿ ಹೇಗೆ ಬೇಕು ಅಂತ ಕೇಳುತ್ತಾನೆ, ಅಲುಗಾಡಿಸಿಯೋ ಕಲಕಿಯೋ ಅಂತ. 'ಅಲುಗಾಡಿಸಿ, ಕಲಕಬೇಡ' ಅನ್ನುವ ಬಾಂಡ್ ಉತ್ತರ ನಲವತ್ತು ವರ್ಷದಿಂದ ಎಲ್ಲರಿಗೂ ಬಾಯಿಪಾಠ. ಕ್ರೇಗ್ ಸಿಡುಕಿ, ಅದರಿಂದ ನನಗೇನು ಆಗಬೇಕು ಅನ್ನುವ ಹಾಗೆ ಉತ್ತರ ಕೊಡುತ್ತಾನೆ. ಹಾಲ್ ಗೊಳ್ಳೆಂದಿತು. ಆದರೆ ಗಮನಿಸಿ, ಹಳೆಯ ಉತ್ತರ ಗೊತ್ತಿಲ್ಲದವನಿಗೆ ಇದರಲ್ಲಿ ನಗಲು ಏನೂ ಇಲ್ಲ. ಹಳಬರಿಗೆ ಮಾತ್ರ ತಟ್ಟುವ ಜೋಕು ಅದು, ಹೊಸಬರಿಗೆ ತೊಡಕೂ ಆಗುವುದಿಲ್ಲ. ಹಳೆಯದನ್ನು ಎಸೆದ ಹಾಗೆ ನಟಿಸುತ್ತಾ ಹಳೆಯದನ್ನೇ ನೆನಪಿಸುವ ಜಾಣತನ.

ಇನ್ನೊಂದು ಜಾಣತನ ಕಿವಿಗೆ ಸೇರಿದ್ದು. ಆ ಪ್ರಸಿದ್ಧ ಬಾಂಡ್ ಟ್ಯೂನನ್ನು ಸಿನಿಮಾ ಪೂರ್ತಿ ತಡೆದು ಹಿಡಿಯುತ್ತಾರೆ. ಅಲ್ಲಲ್ಲಿ ಒಂದು ಎಳೆ ಕೇಳಿಸುತ್ತದೆ, ಪೂರ್ತಿ ಬರುವುದಿಲ್ಲ. ಎರಡೂವರೆ ಗಂಟೆಯ ಹತ್ತಿರ ಆಗುತ್ತದೆ. ಕೊನೆಯ ದೃಶ್ಯ. ಕೆರೆದಂಡೆಯ ಬಂಗಲೆ, ಕಾಲಿಗೆ ಗುಂಡು ತಗುಲಿ ತೆವಳುತ್ತಿರುವ ಖಳ. ಮೇಲಿಂದ ಸೂಟು ಹಾಕಿದ ಕ್ರೇಗ್ ತನ್ನ ಹೆಸರು ಹೇಳುತ್ತಾನೆ, ಮೊದಲು ಮನೆತನದ ಹೆಸರು, ಆಮೇಲೆ ಪೂರ್ತಿ ಹೆಸರು. ತೆರೆ ಕಪ್ಪಾಗುತ್ತದೆ, ಗಿಟಾರ್ ಶುರುವಾಗುತ್ತದೆ. ನಾವಿದ್ದ ಸಾಲಿನಲ್ಲಿ ಮೂರ್ನಾಲ್ಕು ಜನ ಪಾರ್ಕಿಂಗ್ ರಶ್ ಆಗುತ್ತೆ ಅಂತ ಆಗಲೇ ಎದ್ದು ನಿಂತಿದ್ದರು. ಅವರು ದಾರಿಯಲ್ಲೇ ನಿಂತುಬಿಟ್ಟರು. ಒಬ್ಬರ ಕೈಯಲ್ಲಿ ಹೆಲ್ಮೆಟ್. ಟ್ಯೂನ್ ಮುಗಿಯುವ ತನಕ ಯಾರೂ ಕದಲಲಿಲ್ಲ. ಕ್ರೇಗ್ ಬಾಂಡ್ ಆಗಬಹುದಾ ಅನ್ನುವ ತಕರಾರು ಅಷ್ಟರಲ್ಲಿ ಮುಗಿದಿತ್ತು.

1995ರ ಸಿನಿಮಾಕ್ಕೂ 2006ರ ಸಿನಿಮಾಕ್ಕೂ ನಿರ್ದೇಶಕ ಒಬ್ಬರೇ, ಮಾರ್ಟಿನ್ ಕ್ಯಾಂಪ್‌ಬೆಲ್. ಕೆಟ್ಟು ನಿಂತ ಗಾಡಿಯನ್ನು ಎರಡು ಸಲ ಸ್ಟಾರ್ಟ್ ಮಾಡಿಕೊಟ್ಟ ಮೆಕ್ಯಾನಿಕ್. ದೊಡ್ಡ ನಿರ್ದೇಶಕರ ಪಟ್ಟಿಯಲ್ಲಿ ಅವರ ಹೆಸರು ಜಾಸ್ತಿ ಕೇಳಿಸುವುದಿಲ್ಲ, ಅದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಹೀಗೆ ಸ್ವಲ್ಪ ಕಾಲ ದೂರ ಇಟ್ಟ ಮೇಲೆ ಮತ್ತೆ ಹಳೆಯದನ್ನು ವಾಪಸ್ ತರಬಹುದು. 2012ರ 'ಸ್ಕೈಫಾಲ್' ಮಾಡಿದ್ದು ಅದೇ. 1964ರ 'ಗೋಲ್ಡ್‌ಫಿಂಗರ್' ಸಿನಿಮಾದ ಆಸ್ಟನ್ ಮಾರ್ಟಿನ್ ಡಿಬಿ5 ಕಾರು ಗ್ಯಾರೇಜಿನಿಂದ ಹೊರಬಂತು, ಜನ ಚಪ್ಪಾಳೆ ತಟ್ಟಿದರು. ಲೋಕದಾದ್ಯಂತ ನೂರು ಕೋಟಿ ಡಾಲರ್ ದಾಟಿದ ಮೊದಲ ಬಾಂಡ್ ಸಿನಿಮಾ ಅದು. ಅಡೆಲ್ ಹಾಡಿದ ಶೀರ್ಷಿಕೆ ಗೀತೆಗೆ ಆಸ್ಕರ್ ಬಂತು. ಆದರೆ 2006ರಲ್ಲೇ ಆ ಸಂಗೀತ, ಆ ಠೀವಿ ಎಲ್ಲ ಒಟ್ಟಿಗೆ ತುರುಕಿದ್ದರೆ ಅದು ಹಳಸಲಾಗಿ ಕಾಣುತ್ತಿತ್ತು. ಆರು ವರ್ಷ ಉಪವಾಸ ಹಾಕಿ ಊಟಕ್ಕೆ ಕೂರಿಸಿದರು.

ಮುಂದಿನ 'ಸ್ಪೆಕ್ಟರ್' ಬಂದದ್ದು 2015ರಲ್ಲಿ. ನಮ್ಮ ಸೆನ್ಸಾರ್ ಮಂಡಳಿ ಅದರಲ್ಲಿ ಮುತ್ತುಗಳ ಉದ್ದವನ್ನು ಅರ್ಧಕ್ಕೆ ಇಳಿಸಿತು. 'ಸಂಸ್ಕಾರಿ ಜೇಮ್ಸ್ ಬಾಂಡ್' ಅಂತ ದೇಶವೇ ನಕ್ಕಿತು. ಸಿನಿಮಾಗಿಂತ ಆ ಜೋಕುಗಳೇ ನನಗೆ ಹೆಚ್ಚು ನೆನಪಿವೆ.

ಹೊಸ ಸಿನಿಮಾ ಹಳೆಯದನ್ನು ಹೇಗೆ ಬದಲಿಸುತ್ತದೆ ಅನ್ನುವುದಕ್ಕೆ 'ನೋ ಟೈಮ್ ಟು ಡೈ' ಇನ್ನೂ ಚೆನ್ನಾದ ಉದಾಹರಣೆ. ಇಲ್ಲಿ ಅದು ಬಿಡುಗಡೆಯಾದದ್ದು 2021ರ ಸೆಪ್ಟೆಂಬರ್ 30ಕ್ಕೆ. ಕರ್ನಾಟಕದಲ್ಲಿ ಥಿಯೇಟರ್ ಪೂರ್ತಿ ತುಂಬಿಸಬಹುದು ಅನ್ನುವ ಅನುಮತಿ ಇದ್ದದ್ದು ಅಕ್ಟೋಬರ್ 1ರಿಂದ. ಹಾಗಾಗಿ ಮೊದಲ ದಿನ ಹೋದ ನಾವು ಒಂದು ಬಿಟ್ಟು ಒಂದು ಸೀಟಿನಲ್ಲಿ ಕೂತಿದ್ದೆವು. ಪಕ್ಕದ ಸೀಟಿಗೆ ಟೇಪ್ ಅಂಟಿಸಿದ್ದರು. ಈ ಸಿನಿಮಾದಲ್ಲಿ 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವೀಸ್' ಸಿನಿಮಾದ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡು ಮತ್ತೆ ಬರುತ್ತದೆ. ಜಾರ್ಜ್ ಲಾಜೆನ್‌ಬಿ ಒಂದೇ ಒಂದು ಸಲ ಬಾಂಡ್ ಆಗಿದ್ದ ಸಿನಿಮಾ ಅದು. ಎಷ್ಟೋ ಕಾಲ ಸರಣಿಯ ಮಲಮಗನ ಹಾಗೆ ಮೂಲೆಯಲ್ಲಿತ್ತು. ನಮ್ಮ ಆಫೀಸಿನ ಹುಡುಗ ಆ ಹಾಡಿನ ಬೆನ್ನು ಹತ್ತಿ ಹೋಗಿ ತಾನು ಹುಟ್ಟುವುದಕ್ಕೂ ಮೂವತ್ತು ವರ್ಷ ಮುಂಚಿನ ಸಿನಿಮಾ ನೋಡಿದ. ಬಂದು ನನಗೆ ಪಾಠ ಮಾಡಿದ: "ಸರ್, ಲಾಜೆನ್‌ಬಿ ಅಂಡರ್‌ರೇಟೆಡ್." ಜಗಳ ಶುರುವಾಯಿತು.

ಸರಿ, ಈಗ ಕನ್ನಡಕ್ಕೆ ಬರೋಣ. ಮೆಜೆಸ್ಟಿಕ್ ಕಡೆಯ ಕಥೆ ಹೇಳದಿದ್ದರೆ ಮಾವ ನನ್ನನ್ನು ಮನೆಗೆ ಸೇರಿಸುವುದಿಲ್ಲ. "ಕಾನರಿ ಗೀನರಿ ಎಲ್ಲ ಇರ್ಲಿ ಕಣೋ, ನಮ್ ಬಾಂಡು ಅಣ್ಣಾವ್ರು" ಅನ್ನುವುದು ಅವರ ಕೊನೆಯ ತೀರ್ಪು. 1968ರಲ್ಲಿ ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. 'ಬೇಡರ ಕಣ್ಣಪ್ಪ'ನಾಗಿ ಬಂದಿದ್ದ, ದಾಸರಾಗಿ ರಾಜರಾಗಿ ಜನರ ಮನಸ್ಸಿನಲ್ಲಿದ್ದ ರಾಜ್‌ಕುಮಾರ್ ಕೋಟು ಹಾಕಿ, ಪಿಸ್ತೂಲು ಹಿಡಿದು, ಸಿಐಡಿ 999 ಪ್ರಕಾಶ್ ಆದರು. ಆಗ ಮಾವನಿಗೆ ಹದಿನೆಂಟು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999'. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಮುಂದೆ ಹಿಂದಿ ಚಿತ್ರರಂಗವನ್ನು ಆಳಿದ ರೇಖಾ ಅದರ ನಾಯಕಿ. ಎರಡು ವರ್ಷದಲ್ಲಿ ಮೂರು ಸಿನಿಮಾ. ಅಲ್ಲಿಗೆ ನಿಂತಿತು.

ನಾಲ್ಕನೆಯದು ಬಂದದ್ದು ಒಂಬತ್ತು ವರ್ಷ ಬಿಟ್ಟು, 1978ರಲ್ಲಿ: 'ಆಪರೇಷನ್ ಡೈಮಂಡ್ ರಾಕೆಟ್'. ಅಷ್ಟು ಹೊತ್ತಿಗೆ ಎಷ್ಟು ಬದಲಾಗಿತ್ತು ನೋಡಿ. 'ಜೇಡರ ಬಲೆ' ಕಪ್ಪು ಬಿಳುಪು, ಇದು ಕಲರ್. ಆಗೆಲ್ಲ ಅಣ್ಣಾವ್ರ ಹಾಡು ಅಂದರೆ ಪಿ.ಬಿ. ಶ್ರೀನಿವಾಸ್ ದನಿ. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ಅವರು ತಮ್ಮ ಹಾಡು ತಾವೇ ಹಾಡತೊಡಗಿದ್ದರು. ಹಾಗಾಗಿ 1978ರ 999ಗೆ ಹೊಸ ಬಣ್ಣದ ಜೊತೆ ಹೊಸ ದನಿಯೂ ಇತ್ತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಅಣ್ಣಾವ್ರು ಇಂಗ್ಲಿಷಿನಲ್ಲೇ ಹಾಡಿದ 'ಇಫ್ ಯು ಕಮ್ ಟುಡೇ' ಗೊತ್ತಿಲ್ಲದ ಕನ್ನಡಿಗ ಇಲ್ಲ. ಇವತ್ತು ಬಂದರೆ ತುಂಬ ಬೇಗ, ನಾಳೆ ಬಂದರೆ ತುಂಬ ತಡ ಅನ್ನುವ ಹಾಡು. ಮಾವನ ಪ್ರಕಾರ 1978ರಲ್ಲಿ ಥಿಯೇಟರಿಗೆ ಹೋದ ಕಾಲೇಜು ಹುಡುಗರು ಹಳೆಯ ಮೂರನ್ನು ಸಣ್ಣವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದವರು. ಬಾಂಡ್ ಸರಣಿ 1995ರಲ್ಲೂ 2006ರಲ್ಲೂ ಮಾಡಿದ ಕೆಲಸವನ್ನು ಗಾಂಧಿನಗರ ಆಗಲೇ ಮಾಡಿತ್ತು ಅನ್ನಬಹುದು.

ಹಾಗಿದ್ದರೆ ಐದನೆಯದು ಯಾಕೆ ಬರಲಿಲ್ಲ? ಬಾಂಡ್‌ಗೂ 999ಗೂ ಇರುವ ವ್ಯತ್ಯಾಸ ಇಲ್ಲಿದೆ. ಬಾಂಡ್ ಅನ್ನುವುದು ಒಂದು ಹುದ್ದೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಆ ಕುರ್ಚಿಗೆ ಬರುತ್ತಾರೆ. ಇಪ್ಪತ್ತೈದು ಸಿನಿಮಾ, ಆರು ನಟರು. 999 ಹುದ್ದೆ ಆಗಲೇ ಇಲ್ಲ, ಅದು ರಾಜ್‌ಕುಮಾರ್ ಆಗಿಯೇ ಉಳಿಯಿತು. ಜನ ಹೋದದ್ದು ಪ್ರಕಾಶನನ್ನು ನೋಡಲು ಅಲ್ಲ, ಕೋಟು ಹಾಕಿದ ಅಣ್ಣಾವ್ರನ್ನು ನೋಡಲು. ಹುದ್ದೆ ಖಾಲಿ ಆಗುತ್ತದೆ, ತುಂಬುತ್ತದೆ. ಮುಖ ಹಾಗಲ್ಲ.

'ಮಿಷನ್ ಇಂಪಾಸಿಬಲ್' ಸರಣಿಯದೂ ಸದ್ಯ ಇದೇ ಪಾಡು. 1996ರಿಂದ 2025ರ ತನಕ ಎಂಟು ಸಿನಿಮಾ, ಎಂಟರಲ್ಲೂ ಟಾಮ್ ಕ್ರೂಸ್. ಎಂಟನೆಯದು ಅಮೆರಿಕಕ್ಕಿಂತ ಆರು ದಿನ ಮುಂಚೆ ಇಲ್ಲಿ ತೆರೆಗೆ ಬಂದಿತ್ತು. ಪ್ರತಿ ಸಲ ಹುಮ್ಮಸ್ಸು ತಂದದ್ದು ಒಂದೇ ಪ್ರಶ್ನೆ, ಈ ಮನುಷ್ಯ ಈ ಸಲ ಎಲ್ಲಿಂದ ಜಿಗಿಯುತ್ತಾನೆ? ಆ ಪ್ರಶ್ನೆಗೆ ವಯಸ್ಸಿನ ಮಿತಿ ಇದೆ. ಹಿಂದಿಯ ಯಶ್ ರಾಜ್ ಗೂಢಚಾರರು ಬೇರೆ ದಾರಿ ಹಿಡಿದರು, ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರನ್ನು ನೆಂಟರ ಹಾಗೆ ಕರೆಸುವುದು. 2023ರ 'ಪಠಾಣ್' ಸಿನಿಮಾದ ರೈಲಿನಲ್ಲಿ ಸಲ್ಮಾನ್ ಖಾನ್‌ನ ಗೂಢಚಾರ ಟೈಗರ್ ಇಳಿದಾಗ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲೂ ಸೀಟಿನ ಮೇಲೆ ನಿಂತವರಿದ್ದರು. 2025ರ 'ವಾರ್ 2' ಹೊತ್ತಿಗೆ ನೆಂಟರು ಬರುವುದು ಮಾಮೂಲಿ ಆಗಿತ್ತು. ಎರಡು ವರ್ಷದಲ್ಲಿ ಮೂರು ಸಲ ಮನೆಗೆ ಬಂದರೆ ಯಾರಿಗೂ ಕೋಳಿ ಕೊಯ್ಯಲ್ಲ.

ಹಾಗಂತ ತಡ ಮಾಡಿದರೆ ಸಾಕು ಅಂತಲೂ ಅಲ್ಲ. 1989ರ ನಂತರದ ಆರು ವರ್ಷದ ಬಿಡುವು ಯಾರೂ ಯೋಚಿಸಿ ಮಾಡಿದ್ದಲ್ಲ. 2008ರಿಂದ 2012ರ ಬಿಡುವಿಗೆ ಎಂಜಿಎಂ ಅನ್ನುವ ಸಿನಿಮಾ ಕಂಪನಿಯ ಹಣದ ಮುಗ್ಗಟ್ಟು ಕಾರಣ. 2021ರ ಸಿನಿಮಾ ಕೋವಿಡ್‌ನಿಂದ ಮತ್ತೆ ಮತ್ತೆ ಮುಂದಕ್ಕೆ ಹೋಗಿತ್ತು. ಬಿಡುವು ತಾನಾಗಿ ಬಂತು. ಆ ಬಿಡುವಿನಲ್ಲಿ ಲೋಕ ಬದಲಾದದ್ದನ್ನು ಗಮನಿಸಿ ಕಥೆ ಬರೆದದ್ದು ಮಾತ್ರ ಅವರ ಜಾಣ್ಮೆ.

ಈ ಸಲದ ಬಿಡುವಿನಲ್ಲಿ ಬದಲಾದದ್ದು ಮನೆಯ ಯಜಮಾನಿಕೆಯೇ. ಶುರುವಿನಿಂದ ನಿರ್ಮಾಪಕರಾದ ಬ್ರಾಕ್ಲಿ ಕುಟುಂಬದ ಕೈಯಲ್ಲಿದ್ದ ಸೃಜನಶೀಲ ಹಿಡಿತ 2025ರ ಫೆಬ್ರವರಿಯ ಒಪ್ಪಂದದಿಂದ ಅಮೆಜಾನ್ ಎಂಜಿಎಂ ಪಾಲಾಯಿತು. ಬಾರ್ಬರಾ ಬ್ರಾಕ್ಲಿ, ಮೈಕಲ್ ವಿಲ್ಸನ್ ಇಬ್ಬರೂ ಹಿಂದೆ ಸರಿದರು. ಜೂನ್‌ನಲ್ಲಿ 'ಡ್ಯೂನ್' ನಿರ್ದೇಶಕ ಡೆನಿ ವಿಲ್‌ನೆವ್ ಹೆಸರು ಬಂತು, ಆಮೇಲೆ ಬರಹಗಾರ ಸ್ಟೀವನ್ ನೈಟ್ ಹೆಸರು. ಚಿಕ್ಕವನಿದ್ದಾಗ ಅಪ್ಪನ ಜೊತೆ ಬಾಂಡ್ ಸಿನಿಮಾ ನೋಡಿ ಬೆಳೆದೆ ಅಂತ ವಿಲ್‌ನೆವ್ ಹೇಳಿಕೊಂಡರು. ಆ ಒಂದು ಮಾತಿಗೆ ಅಭಿಮಾನಿಗಳು ಅರ್ಧ ಕರಗಿದರು. ಪಿಸ್ತೂಲು ಅಳಿಸಿದ ಪೋಸ್ಟರ್ ಬಂದಾಗ ಉಳಿದರ್ಧ ಮತ್ತೆ ಗಟ್ಟಿಯಾಯಿತು. ಅವರ ಭಯ ಏನು ಅಂದರೆ, ಸ್ಟ್ರೀಮಿಂಗ್ ಕಂಪನಿಗೆ ತಿಂಗಳು ತಿಂಗಳೂ ಸರಕು ಬೇಕು. ಬಾಂಡ್‌ನ ಬಾಲ್ಯ, ಬಾಂಡ್‌ನ ಸೆಕ್ರೆಟರಿ, ಬಾಂಡ್‌ನ ಡ್ರೈವರ್ ಅಂತ ಸೀರೀಸ್ ಮಾಡುತ್ತಾ ಕೂತರೆ ಕಾಯುವುದಕ್ಕೆ ಏನು ಉಳಿಯಿತು? ಕಾಯದವನು ಎದ್ದು ನಿಂತು ಶಿಳ್ಳೆ ಹೊಡೆಯುವುದಿಲ್ಲ. ಈ ಭಯದಲ್ಲಿ ಹುರುಳಿದೆ ಅಂತಲೇ ನನಗೂ ಅನ್ನಿಸುವುದು.

ಇನ್ನು ನಮ್ಮ ಊರಿನ ತಾಪತ್ರಯ ಬೇರೆ. ಎಷ್ಟು ಹುಮ್ಮಸ್ಸಿದ್ದರೂ ಮಲ್ಟಿಪ್ಲೆಕ್ಸಿನ ದರ ನೋಡಿದರೆ ಇಳಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮಾವ ಥಿಯೇಟರಿಗೆ ಹೋಗುವುದನ್ನು ಬಿಟ್ಟದ್ದು ಮಂಡಿ ನೋವಿಗೆ ಅಂತ ಹೇಳಿಕೊಳ್ಳುತ್ತಾರೆ. ಪಾಪ್‌ಕಾರ್ನ್ ಬೆಲೆ ಕೇಳಿದ ದಿನದಿಂದ ಆ ನೋವು ಶುರುವಾಯಿತು ಅಂತ ಅತ್ತೆ ಹೇಳುತ್ತಾರೆ.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಆಫೀಸಿನ ಹುಡುಗನೂ ಜೊತೆಗಿದ್ದ. ಹೊಸ ಬಾಂಡ್ ಯಾರಾಗಬೇಕು ಅಂತ ಅವನು ನಾಲ್ಕು ಹೆಸರು ಹೇಳಿದ. ಮಾವನಿಗೆ ಒಂದೂ ಗೊತ್ತಿರಲಿಲ್ಲ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದರು, "ಅದೆಲ್ಲ ಇರ್ಲಿ, 999 ಯಾರಾದ್ರೂ ಮುಂದುವರಿಸ್ತಾರಾ?" ಹುಡುಗ ಉತ್ಸಾಹದಿಂದ ಈಗಿನ ಕನ್ನಡ ನಟರ ಹೆಸರು ಒಂದೊಂದಾಗಿ ಹೇಳಿದ. ಮಾವ ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಒಬ್ಬನಿಗೆ ಮೀಸೆ ಸರಿಯಿಲ್ಲ, ಇನ್ನೊಬ್ಬನಿಗೆ ಕನ್ನಡ ಸರಿಯಿಲ್ಲ, ಮತ್ತೊಬ್ಬನಿಗೆ ಕೋಟು ಒಪ್ಪಲ್ಲ.

"ಹಂಗಾದ್ರೆ ಯಾರಾದ್ರೂ ಮಾಡಿದ್ರೆ ನೀವು ನೋಡೋದೇ ಇಲ್ವಾ ಮಾವ?" ಅಂದೆ.

"ನೋಡ್ದೆ ಏನು?" ಅಂದರು. "ಬಯ್ಯೋಕಾದ್ರೂ ನೋಡ್ಬೇಕಲ್ಲ. ಮೊದಲನೇ ದಿನಾನೇ ಬುಕ್ ಮಾಡು."